ಫ್ರಿಜ್ಜಿನೊಳಗಿನ ಗ್ಯಾಸ್ ಯಾವುದು? ಟಾರ್ಚ್ ಹಚ್ಚುವ ಮೊದಲು ಓದಿರಿ

ಫ್ರಿಜ್ಜಿನ ಹಿಂಭಾಗದಲ್ಲಿ, ಕೆಳಗೆ ಕಂಪ್ರೆಸರ್ ಇರುವ ಕಡೆ, ಒಂದು ಸಣ್ಣ ಚೀಟಿ ಅಂಟಿಸಿರುತ್ತಾರೆ. ಕೆಲವು ಕಂಪನಿಯವರು ಅದನ್ನು ಬಾಗಿಲ ಒಳಗೆ ಪಕ್ಕದ ಗೋಡೆಗೆ ಅಂಟಿಸುತ್ತಾರೆ. ಧೂಳು ಕುಳಿತಿರುತ್ತದೆ, ಜೇಡರ ಬಲೆ ಕಟ್ಟಿರುತ್ತದೆ. ಯಾರೂ ಅದರ ಕಡೆ ನೋಡುವುದಿಲ್ಲ. ಮುಂದಿನ ಬಾಗಿಲ ಮೇಲೆ ನಕ್ಷತ್ರಗಳಿರುವ ದೊಡ್ಡ ಚೀಟಿ ಇರುತ್ತದಲ್ಲ, ಅದು ಬೇರೆ. ಅದು ಕರೆಂಟ್ ಎಷ್ಟು ಖರ್ಚಾಗುತ್ತದೆ ಎಂದು ಹೇಳುವ ಚೀಟಿ. ನಾವು ಹೇಳುವುದು ಹಿಂದಿನ ಸಣ್ಣ ಚೀಟಿಯ ಮಾತು.

ಅದರಲ್ಲಿ ಇಂಗ್ಲಿಷಿನ ಆರ್ ಅಕ್ಷರ ಹುಡುಕಿರಿ. ಅದರ ಪಕ್ಕದಲ್ಲಿ ಒಂದು ಅಂಕಿ ಇರುತ್ತದೆ. 134 ಇದ್ದರೆ ಕೆಲಸ ಮಾಡುವ ರೀತಿ ಒಂದು. 600 ಇದ್ದರೆ ರೀತಿಯೇ ಬೇರೆ. ಈ ಎರಡು ಅಂಕಿಗಳ ವ್ಯತ್ಯಾಸ ನೋಡದೆ ಟಾರ್ಚ್ ಹಚ್ಚಿದರೆ ಕೈ ಸುಡುತ್ತದೆ, ಮುಖ ಸುಡುತ್ತದೆ. ಜೀವಕ್ಕೂ ಅಪಾಯ.

ಸೊಲ್ಲಾಪುರ, ಅಕ್ಕಲಕೋಟ, ಜತ್ತ ಕಡೆ ಫ್ರಿಜ್, ಎ.ಸಿ. ರಿಪೇರಿ ಮಾಡುವ ನಮ್ಮ ಜನ ಬಹಳ ಇದ್ದಾರೆ. ಹೆಚ್ಚಿನವರು ಶಾಲೆ ಬಿಟ್ಟು ಒಬ್ಬ ಉಸ್ತಾದನ ಕೈಕೆಳಗೆ ಕೆಲಸ ಕಲಿತವರು. ಮನೆಯಲ್ಲಿ ಕನ್ನಡ, ದುಕಾನದಲ್ಲಿ ಮರಾಠಿ, ಸಾಮಾನು ತರುವಾಗ ಹಿಂದಿ. ಚೀಟಿ ಮಾತ್ರ ಇಂಗ್ಲಿಷಿನಲ್ಲಿ. ಕೈಗೆ ಕೆಲಸ ಚೆನ್ನಾಗಿ ಗೊತ್ತು. ಕಣ್ಣಿಗೆ ಆ ಚೀಟಿ ಓದುವ ರೂಢಿ ಆಗಿಲ್ಲ. ಈ ಪಾಠ ಅವರಿಗಾಗಿ. ಫ್ರಿಜ್ ಇಟ್ಟುಕೊಂಡ ಮನೆಯವರಿಗೂ ಇದರಲ್ಲಿ ಎರಡು ಮಾತು ಇವೆ.

ತಂಪು ಹೇಗೆ ಬರುತ್ತದೆ?

ಬೇಸಿಗೆಯಲ್ಲಿ ಮಣ್ಣಿನ ಹರವಿಯ ನೀರು ತಣ್ಣಗಿರುತ್ತದೆ. ಏಕೆ? ಹರವಿಯ ಮೈಯಿಂದ ನೀರು ಜಿನುಗಿ ಆವಿಯಾಗುತ್ತದೆ. ಆವಿಯಾಗುವಾಗ ಒಳಗಿನ ನೀರಿನ ಶಾಖವನ್ನು ಎಳೆದುಕೊಂಡು ಹೋಗುತ್ತದೆ. ಫ್ರಿಜ್ಜಿನಲ್ಲಿ ನಡೆಯುವುದೂ ಇದೇ. ಆದರೆ ಅಲ್ಲಿ ನೀರಿನ ಬದಲು ಬೇಗ ಕುದಿಯುವ ಒಂದು ಗ್ಯಾಸ್ ಇರುತ್ತದೆ. ಫ್ರೀಜರಿನ ಕಾಯಿಲಿನಲ್ಲಿ ಅದು ಕುದಿದು ಆವಿಯಾಗುತ್ತದೆ, ಒಳಗಿನ ಶಾಖ ಎಳೆಯುತ್ತದೆ. ಕಂಪ್ರೆಸರ್ ಅದನ್ನು ಒತ್ತಿ ಹಿಂದಿನ ಜಾಳಿಗೆ ಕಳಿಸುತ್ತದೆ. ಅಲ್ಲಿ ಶಾಖ ಬಿಟ್ಟು ಮತ್ತೆ ದ್ರವವಾಗುತ್ತದೆ. ಫ್ರಿಜ್ಜಿನ ಹಿಂದೆ ಅಥವಾ ಪಕ್ಕದಲ್ಲಿ ಕೈ ಇಟ್ಟರೆ ಬಿಸಿ ಹತ್ತುವುದು ಇದಕ್ಕೇ. ಅದೇ ಗ್ಯಾಸ್ ವರ್ಷಗಟ್ಟಲೆ ಸುತ್ತುತ್ತಿರುತ್ತದೆ. ಲೀಕ್ ಇಲ್ಲದಿದ್ದರೆ ಗ್ಯಾಸ್ ಖರ್ಚಾಗುವುದಿಲ್ಲ. "ಎರಡು ವರ್ಷಕ್ಕೊಮ್ಮೆ ಗ್ಯಾಸ್ ತುಂಬಬೇಕು" ಎಂದು ಯಾರಾದರೂ ಹೇಳಿದರೆ ನಂಬಬೇಡಿರಿ.

ಹಳೆಯ ಫ್ರಿಜ್ಜುಗಳಲ್ಲಿ ಆರ್-12 ಎಂಬ ಗ್ಯಾಸ್ ಇತ್ತು. ಅದು ಹತ್ತಿ ಉರಿಯುವಂಥದ್ದಲ್ಲ. ಆದರೆ ಮೇಲೆ ಹೋಗಿ ಆಕಾಶದ ಓಝೋನ್ ಪದರಕ್ಕೆ ತೂತು ಮಾಡುತ್ತಿತ್ತು. ಅದಕ್ಕಾಗಿ 1987ರಲ್ಲಿ ಮಾಂಟ್ರಿಯಲ್ ಒಪ್ಪಂದ ಆಯಿತು. ಭಾರತ 1992ರಲ್ಲಿ ಅದಕ್ಕೆ ಸೇರಿತು. 2010ರ ಹೊತ್ತಿಗೆ ಆರ್-12 ಜಾತಿಯ ಗ್ಯಾಸ್ ತಯಾರಿಕೆ ನಮ್ಮಲ್ಲಿ ನಿಂತಿತು. ಅದರ ಜಾಗಕ್ಕೆ ಆರ್-134ಎ ಬಂತು. ಇದು ಓಝೋನಿಗೆ ತೊಂದರೆ ಕೊಡುವುದಿಲ್ಲ, ಉರಿಯುವುದೂ ಇಲ್ಲ. ಆದರೆ ಭೂಮಿಯನ್ನು ಬಿಸಿ ಮಾಡುವುದರಲ್ಲಿ ಒಂದು ಕಿಲೋ ಆರ್-134ಎ ಸುಮಾರು 1,430 ಕಿಲೋ ಇಂಗಾಲದ ಡೈಆಕ್ಸೈಡಿಗೆ ಸಮ. ಇಂಥ ಗ್ಯಾಸ್‌ಗಳನ್ನೂ ಕಡಿಮೆ ಮಾಡಬೇಕೆಂದು 2016ರಲ್ಲಿ ಆಫ್ರಿಕಾದ ಕಿಗಾಲಿ ಪಟ್ಟಣದಲ್ಲಿ ದೇಶಗಳು ಒಪ್ಪಿಕೊಂಡವು. ಭಾರತ 2021ರಲ್ಲಿ ಅದಕ್ಕೆ ಒಪ್ಪಿಗೆ ಕೊಟ್ಟಿತು. ಆ ಪ್ರಕಾರ 2032ರಿಂದ ಹಂತ ಹಂತವಾಗಿ ಇಳಿಸುತ್ತ 2047ರ ಹೊತ್ತಿಗೆ ಶೇಕಡಾ 85ರಷ್ಟು ಕಡಿಮೆ ಮಾಡಬೇಕು.

ಹಾಗಾಗಿ ಕಂಪನಿಗಳು ಆರ್-600ಎ ಕಡೆ ಹೊರಳಿವೆ. ಇದರ ಇನ್ನೊಂದು ಹೆಸರು ಐಸೋಬ್ಯುಟೇನ್. ಜರ್ಮನಿಯ ಫೊರಾನ್ ಎಂಬ ಕಂಪನಿ 1993ರಲ್ಲೇ ಇಂಥ ಜಾತಿಯ ಗ್ಯಾಸ್ ಹಾಕಿದ ಫ್ರಿಜ್ ಮಾರಾಟಕ್ಕೆ ತಂದಿತ್ತು. ಈಗ ನಮ್ಮ ಅಂಗಡಿಗಳಲ್ಲಿ ಸಿಗುವ ಮನೆಬಳಕೆಯ ಹೊಸ ಫ್ರಿಜ್ಜುಗಳಲ್ಲಿ ಬಹುಪಾಲು ಇದೇ ಗ್ಯಾಸ್. ಓಝೋನಿಗೂ ಹಾನಿ ಇಲ್ಲ, ಭೂಮಿಯನ್ನೂ ಹೆಚ್ಚು ಕಾಯಿಸುವುದಿಲ್ಲ, ಕರೆಂಟೂ ಉಳಿಯುತ್ತದೆ. ಒಂದೇ ಒಂದು ಗುಣ ಬೇರೆ: ಹತ್ತಿ ಉರಿಯುತ್ತದೆ. ಬೀಡಿ ಹಚ್ಚುವ ಲೈಟರಿನಲ್ಲಿ ಇರುವ ಬ್ಯುಟೇನ್ ಇದರ ಒಡಹುಟ್ಟು.

ಎಷ್ಟು ಅಂಜಬೇಕು?

ಮನೆಯವರು ಇದನ್ನು ಓದಿ ಫ್ರಿಜ್ ಹೊರಗೆ ಹಾಕಬಾರದು. ಲೆಕ್ಕ ನೋಡಿರಿ. ಅಡುಗೆಮನೆಯ ಗ್ಯಾಸಿನ ಟಾಕಿಯಲ್ಲಿ 14.2 ಕಿಲೋ ಗ್ಯಾಸ್ ಇರುತ್ತದೆ. ಪಕ್ಕದ ಫ್ರಿಜ್ಜಿನಲ್ಲಿ ಇರುವುದು ಸಾಮಾನ್ಯವಾಗಿ 30ರಿಂದ 70 ಗ್ರಾಂ. ಪೈಪಿನೊಳಗೆ ಮುಚ್ಚಿಕೊಂಡು ಇರುವ ತನಕ ಅದು ಹತ್ತುವುದೇ ಇಲ್ಲ, ಏಕೆಂದರೆ ಅಲ್ಲಿ ಗಾಳಿ ಇಲ್ಲ. ಬೆಂಕಿಗೆ ಮೂರೂ ಬೇಕು: ಗ್ಯಾಸ್, ಗಾಳಿ, ಕಿಡಿ.

ಗಾಳಿಯಲ್ಲಿ ಈ ಗ್ಯಾಸ್ ಶೇಕಡಾ 1.8ಕ್ಕಿಂತ ಕಡಿಮೆ ಇದ್ದರೆ ಹತ್ತುವುದಿಲ್ಲ. ಸುಮಾರು 8.4ಕ್ಕಿಂತ ಹೆಚ್ಚಾದರೂ ಹತ್ತುವುದಿಲ್ಲ. ಇವೆರಡರ ನಡುವೆ ಇದ್ದಾಗ ಒಂದು ಸಣ್ಣ ಕಿಡಿ ಸಾಕು.

60 ಗ್ರಾಂ ಗ್ಯಾಸ್ ಹೊರಗೆ ಬಂತು ಎಂದು ಇಟ್ಟುಕೊಳ್ಳಿರಿ. ಅದು ಹರಡಿ ಸುಮಾರು 25 ಲೀಟರ್ ಆಗುತ್ತದೆ, ಅಂದರೆ ಎಣ್ಣೆಯ ದೊಡ್ಡ ಡಬ್ಬಿ ಒಂದೂವರೆ. ಅಷ್ಟು ಗ್ಯಾಸ್ ಸುಮಾರು 50 ಘನ ಅಡಿ ಗಾಳಿಯನ್ನು ಹತ್ತುವಂತೆ ಮಾಡಬಲ್ಲದು. ಹತ್ತು ಅಡಿ ಉದ್ದ, ಹತ್ತು ಅಡಿ ಅಗಲ, ಹತ್ತು ಅಡಿ ಎತ್ತರದ ಕೋಣೆಯಲ್ಲಿ 1,000 ಘನ ಅಡಿ ಗಾಳಿ ಇರುತ್ತದೆ. ಇಡೀ ಕೋಣೆಯಲ್ಲಿ ಬೆರೆತುಹೋದರೆ ಏನೂ ಆಗುವುದಿಲ್ಲ. ಆದರೆ ಈ ಗ್ಯಾಸ್ ಗಾಳಿಗಿಂತ ಎರಡು ಪಟ್ಟು ಭಾರ. ತಾನಾಗಿ ಮೇಲೆ ಹೋಗಿ ಬೆರೆಯುವುದಿಲ್ಲ. ನೀರಿನ ಹಾಗೆ ಕೆಳಗೆ ಇಳಿದು, ನೆಲದ ಮೇಲೆ ಹರಿದು, ತಗ್ಗಿನಲ್ಲಿ, ಬಚ್ಚಲ ಮೋರಿಯಲ್ಲಿ, ಮಂಚದ ಕೆಳಗೆ ನಿಲ್ಲುತ್ತದೆ. ಮೆಕ್ಯಾನಿಕ್ ಕೆಲಸ ಮಾಡುವುದು ಎಲ್ಲಿ? ಅದೇ ನೆಲದ ಮೇಲೆ ಕೂತು, ಕಂಪ್ರೆಸರಿನ ಪಕ್ಕದಲ್ಲಿ.

ಇನ್ನೊಂದು ಜಾಗ ಫ್ರಿಜ್ಜಿನ ಒಳಭಾಗ. 190 ಲೀಟರಿನ ಮುಚ್ಚಿದ ಪೆಟ್ಟಿಗೆಯೊಳಗೆ 10 ಗ್ರಾಂ ಸೋರಿದರೂ ಹತ್ತುವ ಪ್ರಮಾಣ ಆಗಿಬಿಡುತ್ತದೆ.

ಅಡುಗೆ ಗ್ಯಾಸ್ ಸೋರಿದರೆ ಮೂಗಿಗೆ ಗೊತ್ತಾಗುತ್ತದೆ. ಅದಕ್ಕೆ ಬೇಕಂತಲೇ ಕೆಟ್ಟ ವಾಸನೆ ಬೆರೆಸಿರುತ್ತಾರೆ. ಫ್ರಿಜ್ಜಿನ ಗ್ಯಾಸಿಗೆ ಹಾಗೆ ಬೆರೆಸುವುದಿಲ್ಲ. ಅದು ಸೋರಿದ್ದು ಮೂಗು ಹೇಳುವುದಿಲ್ಲ.

"ಇಷ್ಟು ವರ್ಷ ಏನೂ ಆಗಿಲ್ಲ"

ನಮ್ಮ ರಾತ್ರಿ ತರಗತಿಗೆ ಬರುವ ಮೆಕ್ಯಾನಿಕ್ ಒಬ್ಬರು ಈ ಪಾಠ ನಡೆದಾಗ ಎದ್ದು ಕೇಳಿದರು: "ಮಾಸ್ತರ, ಇಪ್ಪತ್ತು ವರ್ಷ ಆತು, ಪೈಪ್ ಕತ್ತರಿಸಿ ಗ್ಯಾಸ್ ಬಿಡ್ತೀವಿ, ಸುಂಯ್ ಅನ್ನೂದು ನಿಂತ ಕೂಡ್ಲೆ ಟಾರ್ಚ್ ಹಚ್ತೀವಿ. ಏನೂ ಆಗಿಲ್ಲ. ಈಗ್ಯಾಕ ಇಷ್ಟು ಅಂಜಿಸ್ತೀರಿ?"

"ಅಣ್ಣಾರ, ಆಗ ಒಳಗಿದ್ದ ಗ್ಯಾಸ್ ಹತ್ತೂದು ಅಲ್ಲ. ಈಗಿಂದು ಹತ್ತತದ. ನೀವು ಅದನ ಕೈಚಳಕ ಇಟ್ಕೊಂಡೀರಿ, ಕಂಪನಿಯವರು ಒಳಗಿನ ಮಾಲು ಬದಲಿ ಮಾಡ್ಯಾರ."

"ಆದರ ಸುಂಯ್ ಅನ್ನೂದು ನಿಂತ ಮ್ಯಾಲ ಗ್ಯಾಸ್ ಎಲ್ಲಿ ಉಳೀತದ?"

ಇದು ಒಳ್ಳೆಯ ಪ್ರಶ್ನೆ. ಈ ಇಡೀ ಪಾಠದಲ್ಲಿ ಒಂದೇ ಮಾತು ನೆನಪಿಡುವುದಾದರೆ ಇದರ ಉತ್ತರವನ್ನೇ ಇಡಿರಿ. ಗ್ಯಾಸ್ ಉಳಿಯುವುದು ಎಣ್ಣೆಯಲ್ಲಿ. ಕಂಪ್ರೆಸರಿನ ಹೊಟ್ಟೆಯಲ್ಲಿ ಎಣ್ಣೆ ಇದೆ. ಸೋಡಾದಲ್ಲಿ ಗ್ಯಾಸ್ ಕರಗಿರುವ ಹಾಗೆ ಐಸೋಬ್ಯುಟೇನ್ ಆ ಎಣ್ಣೆಯಲ್ಲಿ ಕರಗಿರುತ್ತದೆ. ಪೈಪ್ ಕತ್ತರಿಸಿದಾಗ ಒತ್ತಡದ ಗ್ಯಾಸ್ ಹೊರಟುಹೋಗುತ್ತದೆ, ಸದ್ದು ನಿಲ್ಲುತ್ತದೆ. ಎಣ್ಣೆಯೊಳಗಿನದು ನಿಧಾನ ಬಿಡುತ್ತಾ ಇರುತ್ತದೆ. ಟಾರ್ಚ್ ತಗಲಿ ಪೈಪ್ ಕಾದಾಗ ಇನ್ನೂ ಜೋರಾಗಿ ಬಿಡುತ್ತದೆ. ಆ ಹೊತ್ತಿಗೆ ತುಂಡಾದ ಪೈಪಿನಿಂದ ಗಾಳಿಯೂ ಒಳಗೆ ಹೋಗಿರುತ್ತದೆ. ಗ್ಯಾಸ್, ಗಾಳಿ, ಕಿಡಿ ಮೂರೂ ಒಂದೇ ಕಡೆ ಬಂದವು. ಪೈಪಿನ ಬಾಯಿಂದ ಎಣ್ಣೆ ಸಮೇತ ಜ್ವಾಲೆ ಮುಖದ ಮೇಲೆ ಬರುವುದು ಹೀಗೆ.

ಕೆಲಸ ಮಾಡುವ ರೀತಿ

ಮೊದಲು ಚೀಟಿ. ಆರ್-600ಎ ಎಂದಿದೆಯೇ, ಎಷ್ಟು ಗ್ರಾಂ ಎಂದಿದೆ, ನೋಡಿರಿ. ಹಳದಿ ತ್ರಿಕೋನದೊಳಗೆ ಕಪ್ಪು ಜ್ವಾಲೆಯ ಚಿತ್ರ ಇದ್ದರೆ ಓದು ಬಾರದವರಿಗೂ ತಿಳಿಯುತ್ತದೆ. ಕಂಪ್ರೆಸರಿನ ಮೈಮೇಲೂ ಗ್ಯಾಸಿನ ಹೆಸರು ಇರುತ್ತದೆ, ಎರಡನ್ನೂ ತಾಳೆ ನೋಡಿರಿ. ಒಂದು ಗೊಂದಲ ಆಗುವುದುಂಟು. ಚೀಟಿಯಲ್ಲಿ ಸೈಕ್ಲೋಪೆಂಟೇನ್ ಎಂಬ ಹೆಸರೂ ಇರಬಹುದು. ಅದು ಗೋಡೆಯೊಳಗಿನ ಫೋಮ್ ಉಬ್ಬಿಸಲು ಬಳಸಿದ್ದು, ಪೈಪಿನ ಗ್ಯಾಸ್ ಅಲ್ಲ. ಪೈಪಿನ ಗ್ಯಾಸಿಗೆ ಆರ್ ಮತ್ತು ಅಂಕಿಯನ್ನೇ ನೋಡಬೇಕು. ಚೀಟಿ ಹರಿದುಹೋಗಿದ್ದರೆ, ಗ್ಯಾಸ್ ಯಾವುದೆಂದು ಖಾತ್ರಿ ಇಲ್ಲದಿದ್ದರೆ, ಹತ್ತುವ ಗ್ಯಾಸೇ ಇದೆ ಎಂದು ತಿಳಿದು ಕೆಲಸ ಮಾಡಿರಿ.

ಆಮೇಲೆ ಜಾಗ. ಫ್ರಿಜ್ಜನ್ನು ಅಂಗಳಕ್ಕೋ ಕಟ್ಟೆಗೋ ತರುವುದು ಎಲ್ಲಕ್ಕಿಂತ ಒಳ್ಳೆಯದು. ಗಾಳಿಯೇ ಅರ್ಧ ಕೆಲಸ ಮಾಡುತ್ತದೆ. ತರಲು ಆಗದಿದ್ದರೆ ಕಿಟಕಿ ಬಾಗಿಲು ಎಲ್ಲ ತೆಗೆಸಿ, ಪೈಪ್ ಮುಟ್ಟುವ ಮೊದಲೇ ಫ್ಯಾನ್ ಹಚ್ಚಿ ಬಿಡಿರಿ. ಕೆಲಸದ ನಡುವೆ ಅದರ ಸ್ವಿಚ್ ಮುಟ್ಟಬಾರದು, ಸ್ವಿಚ್ಚಿನೊಳಗೆ ಕಿಡಿ ಹಾರುತ್ತದೆ. ಸುತ್ತ ಆರೇಳು ಅಡಿಯೊಳಗೆ ಉರಿ ಇರಬಾರದು. ಗ್ಯಾಸಿನ ಒಲೆ, ಸ್ಟೋವ್, ಬೀಡಿ ಎಲ್ಲರಿಗೂ ನೆನಪಾಗುತ್ತವೆ. ನಮ್ಮ ಮನೆಗಳಲ್ಲಿ ಮರೆತುಹೋಗುವುದು ದೇವರ ಜಗಲಿಯ ದೀಪ ಮತ್ತು ಊದುಬತ್ತಿ. ಅಡುಗೆಮನೆಯಲ್ಲೇ ಜಗಲಿ ಇದ್ದರೆ ಮನೆಯ ಅವ್ವನಿಗೆ ಕೈಮುಗಿದು ಹೇಳಿ, ಕೆಲಸ ಮುಗಿಯುವ ತನಕ ದೀಪ ಶಾಂತ ಮಾಡಿಸಿರಿ. ಮಕ್ಕಳನ್ನು ದೂರ ಕಳಿಸಿರಿ. ಒಣಪುಡಿಯ ಬೆಂಕಿ ನಂದಿಸುವ ಸಿಲಿಂಡರ್ ಒಂದು ಕೈಗೆ ಸಿಗುವಂತೆ ಇರಲಿ.

ಫ್ರಿಜ್ಜಿನ ಪ್ಲಗ್ ಮೊದಲೇ ತೆಗೆದಿಡಿರಿ. ಈಗ ಗ್ಯಾಸ್ ಹೊರಗೆ ಬಿಡಬೇಕು. ಪೈಪನ್ನು ಕತ್ತರಿಸಿ ಕೋಣೆಯೊಳಗೆ ಬಿಡಬಾರದು. ಚಾರ್ಜಿಂಗ್ ಪೈಪಿಗೆ ಚುಚ್ಚುವ ವಾಲ್ವ್ ಹಾಕಿ, ಅದಕ್ಕೆ ಉದ್ದನೆಯ ಹೋಸ್ ಜೋಡಿಸಿ, ಹೋಸಿನ ಬಾಯಿಯನ್ನು ಬಯಲಿಗೆ ಒಯ್ಯಿರಿ. ಅಲ್ಲಿ ಮೋರಿ, ತಗ್ಗು, ಒಲೆ, ನಿಂತ ಮೋಟಾರ್‌ಸೈಕಲ್, ಪಕ್ಕದ ಮನೆಯ ಕಿಟಕಿ ಇರಬಾರದು. ನಿಧಾನ ಬಿಡಿರಿ, ಅವಸರ ಬೇಡ. ಫ್ರಿಜ್ಜಿನ 50-60 ಗ್ರಾಂ ಆರ್-600ಎ ಅನ್ನು ಹೀಗೆ ಬಯಲಿಗೆ ಬಿಡಬಹುದು. ಆರ್-134ಎ, ಆರ್-22ಗಳನ್ನು ಮಾತ್ರ ಹೀಗೆ ಬಿಡಬಾರದು. ಅವನ್ನು ಯಂತ್ರದಿಂದ ಬೇರೆ ಸಿಲಿಂಡರಿಗೆ ತುಂಬಿಕೊಳ್ಳಬೇಕು.

ಸದ್ದು ನಿಂತ ಮೇಲೆ ಎಣ್ಣೆಯ ಮಾತು ನೆನಪಿಸಿಕೊಳ್ಳಿರಿ. ವ್ಯಾಕ್ಯೂಮ್ ಪಂಪ್ ಹಚ್ಚಿ ಎಳೆಯಬೇಕು. ಪಂಪಿನ ಬಾಯಿಂದ ಹೊರಗೆ ಬರುವುದೂ ಅದೇ ಗ್ಯಾಸ್, ಅದನ್ನೂ ಹೋಸಿನಿಂದ ಬಯಲಿಗೇ ಒಯ್ಯಬೇಕು. ಪಂಪಿನ ಮೇಲಿನ ಸ್ವಿಚ್ಚನ್ನು ಮೊದಲೇ ಒತ್ತಿಟ್ಟು, ದೂರದ ಬೋರ್ಡಿನಲ್ಲಿ ಚಾಲೂ ಮಾಡಿರಿ. ಆಮೇಲೆ ಒಣ ನೈಟ್ರೋಜನ್ ಒಳಗೆ ಬಿಟ್ಟು ತೊಳೆಯಿರಿ. ಒಮ್ಮೆ ಅಲ್ಲ, ಎಳೆದು ಬಿಟ್ಟು ಮತ್ತೊಮ್ಮೆ ಎಳೆದು ಬಿಟ್ಟರೆ ಒಳ್ಳೆಯದು. ಕಂಪ್ರೆಸರನ್ನು ಮೆಲ್ಲಗೆ ಅಲುಗಾಡಿಸಿದರೆ ಎಣ್ಣೆಯಲ್ಲಿದ್ದ ಗ್ಯಾಸ್ ಬೇಗ ಬಿಡುತ್ತದೆ.

ನೈಟ್ರೋಜನ್ ಏಕೆ? ಅದು ಉರಿಯುವುದಿಲ್ಲ, ಉರಿಯಲು ಬಿಡುವುದೂ ಇಲ್ಲ. ಕೆಲವರು ನೈಟ್ರೋಜನ್ ಸಿಗದಾಗ ವೆಲ್ಡಿಂಗಿನ ಆಕ್ಸಿಜನ್ ಬಿಡುತ್ತಾರೆ. ಇದು ಎಲ್ಲಕ್ಕಿಂತ ಕೆಟ್ಟ ಕೆಲಸ. ಒತ್ತಡದ ಆಕ್ಸಿಜನ್ ಎಣ್ಣೆಗೆ ತಗಲಿದರೆ ಕಡ್ಡಿ ಗೀರದೆಯೂ ಸ್ಫೋಟ ಆಗಬಹುದು. ಕಂಪ್ರೆಸರೇ ಬಾಂಬ್ ಆಗುತ್ತದೆ. ಪಂಚರ್ ಅಂಗಡಿಯ ಗಾಳಿಯನ್ನೂ ತುಂಬಬಾರದು. ನೈಟ್ರೋಜನ್ ಸಿಲಿಂಡರಿನೊಳಗೆ 150 ಬಾರ್ ಹತ್ತಿರದ ಒತ್ತಡ ಇರುತ್ತದೆ, ಟ್ಯೂಬ್ ಗಾಳಿಗಿಂತ ಅದೆಷ್ಟೋ ಪಟ್ಟು. ರೆಗ್ಯುಲೇಟರ್ ಇಲ್ಲದೆ ಅದನ್ನು ಪೈಪಿಗೆ ಜೋಡಿಸುವ ಮಾತೇ ಇಲ್ಲ.

ಹಳೆಯ ಬೆಸುಗೆಯನ್ನು ಟಾರ್ಚಿನಿಂದ ಕಾಯಿಸಿ ಬಿಡಿಸಬೇಡಿರಿ. ಪೈಪ್ ಕಟರಿನಿಂದ ಕತ್ತರಿಸಿರಿ. ಕಂಪ್ರೆಸರ್ ಬದಲಿಸುವುದಾದರೂ ಹಾಗೆಯೇ. ಕತ್ತರಿಸಿದ ಮೇಲೆ, ಗ್ಯಾಸ್ ಇಲ್ಲವೆಂದು ಖಾತ್ರಿ ಆದ ಮೇಲೆ, ಹೊಸ ಬೆಸುಗೆಗೆ ಟಾರ್ಚ್ ಹಚ್ಚಿರಿ. ಬೆಸುಗೆ ಹಾಕುವಾಗ ಒಳಗೆ ಸಣ್ಣಗೆ ನೈಟ್ರೋಜನ್ ಹರಿಯುತ್ತಿದ್ದರೆ ಪೈಪಿನ ಒಳಮೈ ಕಪ್ಪಾಗುವುದಿಲ್ಲ, ಕ್ಯಾಪಿಲರಿ ಕಟ್ಟಿಕೊಳ್ಳುವುದಿಲ್ಲ. ಹತ್ತುವ ಗ್ಯಾಸ್ ಪತ್ತೆ ಮಾಡುವ ಸಣ್ಣ ಯಂತ್ರ ಈಗ ಸಿಗುತ್ತದೆ. ದುಡ್ಡು ಬೀಳುತ್ತದೆ ನಿಜ. ನಾಲ್ಕು ದುಕಾನದವರು ಕೂಡಿ ಒಂದು ಕೊಂಡರೂ ಆದೀತು. ಅದನ್ನು ನೆಲದ ಹತ್ತಿರ ಹಿಡಿದು ನೋಡಬೇಕು, ಎದೆಯ ಎತ್ತರದಲ್ಲಿ ಹಿಡಿದರೆ ಪ್ರಯೋಜನ ಇಲ್ಲ.

ಲೀಕ್ ನೋಡಲು ನೈಟ್ರೋಜನ್ ತುಂಬಿ ಸಾಬೂನಿನ ನೊರೆ ಹಚ್ಚಿರಿ. ಪ್ಲೇಟಿನ ಮೇಲೆ ಬರೆದ ಒತ್ತಡ ಮೀರಬಾರದು. ಹಿಂದೆ ಜ್ವಾಲೆಯ ಬಣ್ಣ ನೋಡಿ ಲೀಕ್ ಹುಡುಕುವ ದೀಪ ಇತ್ತು. ಆ ದೀಪವನ್ನು ಈ ಫ್ರಿಜ್ಜಿನ ಹತ್ತಿರ ತರಲೇಬಾರದು. ಕಡ್ಡಿ ಗೀರಿ ನೋಡುವವರ ಬಗ್ಗೆ ಏನು ಹೇಳೋಣ!

ತೂಕ ಮಾಡಿ ತುಂಬಿರಿ

ಇಲ್ಲಿ ಹಳೆಯ ರೂಢಿಯೇ ಮೋಸ ಮಾಡುತ್ತದೆ. ಆರ್-12, ಆರ್-134ಎ ತುಂಬುವಾಗ ಗೇಜಿನ ಮುಳ್ಳು ನೋಡಿ ನಿಲ್ಲಿಸುವುದು ಎಲ್ಲರಿಗೂ ಗೊತ್ತು. ಆರ್-600ಎ ಒತ್ತಡ ಬಹಳ ಕಡಿಮೆ. ಫ್ರೀಜರ್ ಚೆನ್ನಾಗಿ ತಣ್ಣಗಾದಾಗ ಎಳೆಯುವ ಕಡೆಯ ಮುಳ್ಳು ಸೊನ್ನೆಗಿಂತ ಕೆಳಗೆ ಹೋಗುತ್ತದೆ. ಅದು ಸರಿಯಾದದ್ದೇ. ಆದರೆ ಹಳೆಯ ಕಣ್ಣು "ಗ್ಯಾಸ್ ಕಮ್ಮಿ ಅದ" ಎಂದು ಓದುತ್ತದೆ, ಕೈ ಇನ್ನಷ್ಟು ತುಂಬುತ್ತದೆ. 45 ಗ್ರಾಂ ಬೇಕಾದ ಕಡೆ 80 ಗ್ರಾಂ ಆಗುತ್ತದೆ. ಫ್ರಿಜ್ ತಣ್ಣಗಾಗುವುದಿಲ್ಲ, ಕಂಪ್ರೆಸರ್ ಕಾಯುತ್ತದೆ, ಮುಂದೆ ಸೋರಿದರೆ ಅಪಾಯವೂ ದುಪ್ಪಟ್ಟು.

ಆದ್ದರಿಂದ ಒಂದೊಂದು ಗ್ರಾಂ ತೋರಿಸುವ ಎಲೆಕ್ಟ್ರಾನಿಕ್ ತಕ್ಕಡಿ ಬೇಕು. ಅಕ್ಕಸಾಲಿಗರು ಬಂಗಾರವನ್ನು ಕಣ್ಣಳತೆಯಲ್ಲಿ ಕೊಡುತ್ತಾರೆಯೇ? ಹಾಗೆಯೇ ಇದು. ಚೆನ್ನಾಗಿ ವ್ಯಾಕ್ಯೂಮ್ ಮಾಡಿ, ಗ್ಯಾಸಿನ ಡಬ್ಬಿಯನ್ನು ತಕ್ಕಡಿಯ ಮೇಲಿಟ್ಟು, ಚೀಟಿಯಲ್ಲಿ ಬರೆದಷ್ಟೇ ಇಳಿಸಿರಿ. ಹೋಸ್ ಗಿಡ್ಡ ಇರಲಿ, ಉದ್ದ ಹೋಸಿನಲ್ಲೇ ಕೆಲವು ಗ್ರಾಂ ಉಳಿದುಬಿಡುತ್ತದೆ. ಮುಳ್ಳು ಸೊನ್ನೆಗಿಂತ ಕೆಳಗೆ ಇರುವುದರಿಂದ ಇನ್ನೊಂದು ಮಾತು: ಫ್ರಿಜ್ ನಡೆಯುವಾಗ ಆ ಕಡೆ ಲೀಕ್ ಇದ್ದರೆ ಗ್ಯಾಸ್ ಹೊರಗೆ ಬರುವ ಬದಲು ಗಾಳಿ ಒಳಗೆ ಹೋಗುತ್ತದೆ. ಆ ಕಡೆಯ ಲೀಕನ್ನು ಕಂಪ್ರೆಸರ್ ನಿಲ್ಲಿಸಿಯೇ ನೋಡಬೇಕು.

ತುಂಬಿದ ಮೇಲೆ ಟಾರ್ಚ್ ಮತ್ತೆ ತರದಿರುವುದು ಒಳ್ಳೆಯದು. ಪೈಪನ್ನು ಇಕ್ಕಳದಿಂದ ಎರಡು ಕಡೆ ಒತ್ತಿ ಮುಚ್ಚಿ, ಲೋಕ್‌ರಿಂಗ್ ಎಂಬ ಉಂಗುರ ಕೂಡಿಸಿ ಕೈಯಂತ್ರದಿಂದ ಬಿಗಿಯುವ ಪದ್ಧತಿ ಇದೆ. ಬೆಂಕಿ ಬೇಕಿಲ್ಲ. ಕಂಪನಿಯವರು ಇದನ್ನೇ ಕಲಿಸುತ್ತಾರೆ. ರಿಲೇ, ಓವರ್‌ಲೋಡ್, ಥರ್ಮೋಸ್ಟ್ಯಾಟ್ ಬದಲಿಸುವಾಗ ಅದೇ ಮಾದರಿಗೆ ಹೊಂದುವುದನ್ನೇ ಹಾಕಿರಿ. ಹೊಸ ಫ್ರಿಜ್ಜಿನವು ಕಿಡಿ ಹೊರಗೆ ಬಾರದ ಹಾಗೆ ಮಾಡಿದವು. ಪೇಟೆಯಲ್ಲಿ ಅಗ್ಗಕ್ಕೆ ಸಿಗುವ ತೆರೆದ ರಿಲೇ ಹಾಕಿದರೆ ಆ ಕಾವಲು ಹೋಯಿತು. ಕಂಪ್ರೆಸರ್ ಕೂಡ ಆರ್-600ಎ ಎಂದು ಬರೆದದ್ದೇ ಬೇಕು. ಕೊನೆಗೆ ಒಂದು ಹೊಸ ಚೀಟಿಯ ಮೇಲೆ ಗ್ಯಾಸಿನ ಹೆಸರು, ಎಷ್ಟು ಗ್ರಾಂ, ಯಾವ ತಾರೀಖು ಎಂದು ನಿಮ್ಮ ಕೈಬರಹದಲ್ಲಿ ಬರೆದು ಅಂಟಿಸಿರಿ. ಕನ್ನಡದಲ್ಲಿ ಬರೆದರೂ ಆರ್ ಮತ್ತು ಅಂಕಿಯನ್ನು ಇಂಗ್ಲಿಷಿನಲ್ಲೇ ಬರೆಯಿರಿ. ಮುಂದೆ ಬರುವ ಮೆಕ್ಯಾನಿಕ್ ಮರಾಠಿಯವನೋ ತೆಲುಗಿನವನೋ ಯಾರಿಗೆ ಗೊತ್ತು?

ಅಡುಗೆ ಗ್ಯಾಸ್ ತುಂಬುವ ಚಾಳಿ

ಕೆಲವರು ಟಾಕಿಯ ಅಡುಗೆ ಗ್ಯಾಸನ್ನೇ ಫ್ರಿಜ್ಜಿಗೆ ತುಂಬುತ್ತಾರೆ. "ಎರಡೂ ಒಂದೇ ಅಲ್ಲೇನ್ರಿ?" ಎಂದು ಕೇಳುತ್ತಾರೆ. ಒಂದೇ ಅಲ್ಲ. ಅಡುಗೆ ಗ್ಯಾಸ್ ಪ್ರೊಪೇನ್ ಮತ್ತು ಬ್ಯುಟೇನ್ ಬೆರಕೆ. ಎಷ್ಟಕ್ಕೆ ಎಷ್ಟು ಎಂಬುದು ಪ್ರತಿ ಸಲ ಒಂದೇ ಇರುವುದಿಲ್ಲ. ನೀರಿನ ಅಂಶ, ಗಂಧಕ, ವಾಸನೆಯ ಮದ್ದು ಅದರಲ್ಲಿ ಇರುತ್ತವೆ. ನೀರಿನ ಅಂಶ ಕ್ಯಾಪಿಲರಿಯಲ್ಲಿ ಹೆಪ್ಪುಗಟ್ಟುತ್ತದೆ, ಗಂಧಕ ತಾಮ್ರವನ್ನು ತಿನ್ನುತ್ತದೆ. ಆರ್-134ಎ ಫ್ರಿಜ್ಜಿಗೆ ಇದನ್ನು ತುಂಬಿದರಂತೂ ಇನ್ನೂ ಕೆಟ್ಟದು. ಆ ಫ್ರಿಜ್ಜಿನ ಸ್ವಿಚ್, ರಿಲೇ ಹತ್ತುವ ಗ್ಯಾಸಿಗೆಂದು ಮಾಡಿದವಲ್ಲ. ಚೀಟಿಯಲ್ಲಿ 134 ಎಂದೇ ಇರುತ್ತದೆ. ಮುಂದೆ ಬರುವ ಮೆಕ್ಯಾನಿಕ್ ಅದನ್ನು ನಂಬಿ ಟಾರ್ಚ್ ಹಚ್ಚುತ್ತಾನೆ. ಮನೆಬಳಕೆಯ ಟಾಕಿಯನ್ನು ಬೇರೆ ಕೆಲಸಕ್ಕೆ ಬಳಸುವುದು ಕಾನೂನಿಗೂ ವಿರುದ್ಧ.

ಎ.ಸಿ. ಇದ್ದರೆ?

ಎ.ಸಿ.ಯ ಚೀಟಿಯಲ್ಲಿ 22, 410, 32 ಅಥವಾ 290 ಎಂದು ಕಾಣುತ್ತದೆ. ಮೊದಲಿನ ಎರಡು ಹತ್ತುವುದಿಲ್ಲ. 290 ಅಂದರೆ ಪ್ರೊಪೇನ್. ಗೋದ್ರೇಜ್ ಕಂಪನಿ 2012ರಲ್ಲಿ ಈ ಗ್ಯಾಸಿನ ಎ.ಸಿ.ಗಳನ್ನು ನಮ್ಮ ದೇಶದಲ್ಲಿ ತಂದಿತು. ಇದೂ ಐಸೋಬ್ಯುಟೇನಿನ ಹಾಗೆ ಜೋರಾಗಿ ಹತ್ತುತ್ತದೆ. ಎ.ಸಿ.ಯಲ್ಲಿ ನೂರಾರು ಗ್ರಾಂ ಇರುವುದರಿಂದ ಫ್ರಿಜ್ಜಿಗಿಂತ ಹೆಚ್ಚು ಎಚ್ಚರ ಬೇಕು. ಕೋಣೆ ಎಷ್ಟು ದೊಡ್ಡದಿರಬೇಕು ಎಂಬುದಕ್ಕೂ ನಿಯಮ ಇದೆ. ಆರ್-22 ಇದ್ದ ಹಳೆಯ ಎ.ಸಿ.ಗೆ 290 ತುಂಬಬಾರದು.

ಈಗ ಹೆಚ್ಚು ಮಾರಾಟ ಆಗುವುದು ಆರ್-32. ಇದನ್ನು "ಹತ್ತೂದಿಲ್ಲ ಬಿಡ್ರಿ" ಎನ್ನುವವರು ಇದ್ದಾರೆ. ಅದು ತಪ್ಪು. ಇದಕ್ಕೆ ಕೊಟ್ಟ ದರ್ಜೆ ಎ2ಎಲ್, ಅಂದರೆ ಮೆಲ್ಲಗೆ ಹತ್ತುವ ಗ್ಯಾಸ್. ಗಾಳಿಯಲ್ಲಿ ಶೇಕಡಾ 14ಕ್ಕಿಂತ ಹೆಚ್ಚು ಸೇರಿದರೆ ಹತ್ತುತ್ತದೆ. ಉರಿದಾಗ ಬರುವ ಹೊಗೆಯಲ್ಲಿ ಹೈಡ್ರೋಜನ್ ಫ್ಲೋರೈಡ್ ಎಂಬ ವಿಷ ಇರುತ್ತದೆ, ಅದು ಕಣ್ಣು, ಶ್ವಾಸಕೋಶ ಸುಡುತ್ತದೆ. ಒತ್ತಡವೂ ಆರ್-22ಕ್ಕಿಂತ ಸುಮಾರು ಒಂದೂವರೆ ಪಟ್ಟು, ಹಳೆಯ ಗೇಜು ಹೋಸು ನಡೆಯುವುದಿಲ್ಲ.

ಎ.ಸಿ. ಬಿಚ್ಚಿ ಬೇರೆ ಕಡೆ ಒಯ್ಯುವಾಗ ಗ್ಯಾಸನ್ನು ಹೊರಗಿನ ಯೂನಿಟ್ಟಿಗೆ ಎಳೆದುಕೊಳ್ಳುತ್ತಾರೆ. ಆಗ ಕಂಪ್ರೆಸರ್ ನಡೆಯುತ್ತಿರುವಾಗಲೇ ಪೈಪಿನ ನಟ್ ಸಡಿಲಿಸಬಾರದು. ಗಾಳಿ ಒಳಗೆ ಹೋಗಿ, ಎಣ್ಣೆಯ ಜೊತೆ ಒತ್ತಡಕ್ಕೆ ಸಿಕ್ಕು, ಡೀಸೆಲ್ ಇಂಜಿನ್ನಿನಲ್ಲಿ ಹತ್ತುವ ಹಾಗೆ ಹತ್ತಿ ಕಂಪ್ರೆಸರ್ ಒಡೆಯಬಹುದು. ಇದು ಯಾವ ಗ್ಯಾಸ್ ಇದ್ದರೂ ಆಗುವ ಅಪಾಯ. ವಾಲ್ವ್ ಮುಚ್ಚಿ, ಕಂಪ್ರೆಸರ್ ನಿಲ್ಲಿಸಿ, ಆಮೇಲೆ ನಟ್ ಮುಟ್ಟಿರಿ. (ಮಣೂಕದ ಕೋಲ್ಡ್ ಸ್ಟೋರೇಜಿನಲ್ಲಿ ಕೆಲಸ ಮಾಡುವವರು ಅಮೋನಿಯಾ ಬಗ್ಗೆ ಕೇಳುತ್ತಾರೆ. ಅದು ಮೊದಲು ವಿಷ, ಆಮೇಲೆ ಬೆಂಕಿ. ಅದಕ್ಕೆ ಬೇರೆ ಪಾಠವೇ ಬೇಕು.)

ಈ ಕೆಲಸವನ್ನು ಕಲಿಸುವ ತರಬೇತಿ ಇದೆ. ಐಟಿಐಗಳಲ್ಲಿ ಫ್ರಿಜ್-ಎ.ಸಿ. ವಿಭಾಗ ಇದೆ. ಕೇಂದ್ರ ಪರಿಸರ ಸಚಿವಾಲಯದ ಓಝೋನ್ ಸೆಲ್ ಮೂಲಕ ದುಡಿಯುವ ಮೆಕ್ಯಾನಿಕರಿಗೆ ಶಿಬಿರಗಳು ನಡೆದಿವೆ, ಕಂಪನಿಗಳೂ ನಡೆಸುತ್ತವೆ. ಹತ್ತಿರದ ಐಟಿಐಯಲ್ಲಿ ವಿಚಾರಿಸಿರಿ. ನಮ್ಮ ಈ ಪುಟ ಓದಿದರೆ ತರಬೇತಿ ಆದಂತಲ್ಲ.

ಮನೆಯವರಿಗೆ

ಫ್ರೀಜರಿನಲ್ಲಿ ಕಟ್ಟಿದ ಬರ್ಫವನ್ನು ಚಾಕು, ಸ್ಕ್ರೂಡ್ರೈವರಿನಿಂದ ಕೆರೆಯಬೇಡಿರಿ. ಆ ತೆಳು ತಗಡಿನೊಳಗೇ ಗ್ಯಾಸ್ ಹರಿಯುತ್ತದೆ. ಸ್ವಿಚ್ ಬಂದ್ ಮಾಡಿ, ಬಾಗಿಲು ತೆರೆದಿಟ್ಟು, ತಾನಾಗಿ ಕರಗಲು ಬಿಡಿರಿ. ಕೆರೆಯುವಾಗ ಸುಂಯ್ ಎಂದು ಸದ್ದು ಬಂದರೆ ಫ್ರಿಜ್ಜಿನ ಪ್ಲಗ್, ಕೋಣೆಯ ಸ್ವಿಚ್ ಯಾವುದನ್ನೂ ಮುಟ್ಟಬೇಡಿರಿ. ಫ್ರಿಜ್ಜಿನ ಬಾಗಿಲು ತೆರೆದೇ ಇರಲಿ. ಒಲೆ ಉರಿಯುತ್ತಿದ್ದರೆ ಆರಿಸಿ, ಕಿಟಕಿ ಬಾಗಿಲು ತೆಗೆದು ಹೊರಗೆ ಬನ್ನಿರಿ. ಕರೆಂಟ್ ತೆಗೆಯುವುದಿದ್ದರೆ ಹೊರಗಿನ ಮೇನ್ ಸ್ವಿಚ್ಚಿನಲ್ಲಿ ತೆಗೆಯಿರಿ.

ಮೆಕ್ಯಾನಿಕ್ ಬಂದಾಗ ಎರಡು ಮಾತು ಕೇಳಿರಿ: "ಇದರಾಗ ಯಾವ ಗ್ಯಾಸ್ ಅದ? ತಕ್ಕಡಿ ತಂದೀರೇನು?" ತಕ್ಕಡಿ ಇಲ್ಲದವನು ಆರ್-600ಎ ತುಂಬುತ್ತೇನೆ ಎಂದರೆ ಬೇಡವೆನ್ನಿರಿ. ಸರಿಯಾಗಿ ಕೆಲಸ ಮಾಡುವವನಿಗೆ ನೈಟ್ರೋಜನ್, ಪಂಪ್, ಸಮಯ ಎಲ್ಲ ಖರ್ಚು ಬೀಳುತ್ತದೆ. ಅವನು ಇನ್ನೂರು ಮುನ್ನೂರು ಹೆಚ್ಚು ಕೇಳಿದರೆ ಜಗಳ ತೆಗೆಯಬೇಡಿರಿ.

ಹಳೆಯ ಫ್ರಿಜ್ಜನ್ನು ಭಂಗಾರದವರಿಗೆ ಕೊಡುವಾಗಲೂ ಗ್ಯಾಸ್ ಒಳಗೇ ಇರುತ್ತದೆ. ಅವರು ತಾಮ್ರ ತೆಗೆಯಲು ಗ್ಯಾಸ್ ಕಟರ್ ಹಚ್ಚುತ್ತಾರೆ. ಕೊಡುವ ಮೊದಲು ಮೆಕ್ಯಾನಿಕನನ್ನು ಕರೆಸಿ ಬಯಲಿನಲ್ಲಿ ಗ್ಯಾಸ್ ಬಿಡಿಸಿರಿ. ಆಗದಿದ್ದರೆ ಫ್ರಿಜ್ಜಿನ ಮೇಲೆ ಸೀಮೆಸುಣ್ಣದಿಂದ ದೊಡ್ಡದಾಗಿ "ಒಳಗೆ ಹತ್ತುವ ಗ್ಯಾಸ್ ಇದೆ" ಎಂದು ಕನ್ನಡದಲ್ಲೂ ಮರಾಠಿಯಲ್ಲೂ ಬರೆದು, ಬಾಯಿಯಿಂದಲೂ ಹೇಳಿ ಕಳಿಸಿರಿ.